ಹಳೇ ಪುಸ್ತಕದ ಬಾಕಿ, ಹೊಸ ಪುಸ್ತಕದ ಮೊದಲ ಸಾಲು

(ಹೊಸಂಗಡಿಯ ಕಲಿಕಾ ಕೂಟದಲ್ಲಿ ಆಡಿದ ಮಾತು)



ಇವತ್ತು ನಾನು ಲೆಕ್ಕದ ವಿಷಯ ಮಾತಾಡ್ತೇನೆ. ಹೆದರಬೇಡಿ. ಕೂಡಿಸುವುದು, ಕಳೆಯುವುದು ನಿಮಗೆಲ್ಲ ಬರ್ತದೆ. ಅಷ್ಟು ಬಂದರೆ ಸಾಕು. ನಮ್ಮ ಊರಿನ ಹೆಸರೇ ಹೊಸ ಅಂಗಡಿ. ಅಂಗಡಿ ಅಂದ ಮೇಲೆ ಲೆಕ್ಕ ಬೇಕಲ್ಲ!

ನಿಮ್ಮಲ್ಲಿ ಹೆಚ್ಚಿನವರು ಕುಟುಂಬಶ್ರೀಯ ಅಯಲ್ಕೂಟದಲ್ಲಿ ಇದ್ದೀರಿ. ಕೆಲವರು ಸಣ್ಣ ಘಟಕ ನಡೆಸ್ತೀರಿ. ಹಪ್ಪಳ, ಉಪ್ಪಿನಕಾಯಿ, ಹೊಲಿಗೆ, ಕ್ಯಾಂಟೀನು, ಹೀಗೆ. ಮೊದಲು ನಿಮ್ಮ ಲೆಕ್ಕ ಪುಸ್ತಕದಲ್ಲಿತ್ತು. ಪುಸ್ತಕ ಕೈಯಲ್ಲಿತ್ತು. ಈಗ ಲೆಕ್ಕ ಕಂಪ್ಯೂಟರಿಗೆ ಹೋಗ್ತಾ ಉಂಟು. ಕಂಪ್ಯೂಟರಿನಲ್ಲಿ ಒಂದು ಕಡತದಿಂದ ಇನ್ನೊಂದು ಕಡತಕ್ಕೂ ಹೋಗ್ತದೆ. ಆ ಸಾಗಾಟ ನಡೆಯುವಾಗ ನೀವು ಹತ್ತಿರ ಇರುವುದಿಲ್ಲ. ಬೇರೆ ಯಾರೋ ಕೂತು ಮಾಡ್ತಾರೆ. ಕಡೆಗೆ ಒಂದು ಕಾಗದ ಕೊಟ್ಟು "ಸಹಿ ಹಾಕಿ ಅಕ್ಕ" ಅಂತಾರೆ. ನಾವು ಸಹಿ ಹಾಕಲು ಕಲಿತಿದ್ದೇವೆ. ಆದರೆ ಯಾವುದಕ್ಕೆ ಸಹಿ ಹಾಕ್ತಾ ಇದ್ದೇವೆ ಅಂತ ಓದಲೂ ಬೇಕಲ್ಲ. ಅದಕ್ಕೇ ಈ ಮಾತು.

ಮೊದಲು ಪುಸ್ತಕದ ಕಾಲಕ್ಕೆ ಹೋಗೋಣ. ದೀಪಾವಳಿಗೆ ಅಂಗಡಿ ಪೂಜೆ ಮಾಡುವುದನ್ನು ನೀವು ನೋಡಿದ್ದೀರಿ. ಹೊಸ ಲೆಕ್ಕದ ಪುಸ್ತಕಕ್ಕೆ ಅರಸಿನ ಕುಂಕುಮ ಹಚ್ಚಿ ಇಡ್ತಾರೆ. ಆದರೆ ಹೊಸ ಪುಸ್ತಕ ಅಂದರೆ ಪೂರಾ ಹೊಸತೇ? ಅಲ್ಲ. ಮೊದಲ ಪುಟದ ಮೊದಲ ಸಾಲಿನಲ್ಲಿ "ಹಿಂದಿನ ಬಾಕಿ" ಅಂತ ಬರೀತಾರೆ. ಹಳೇ ಪುಸ್ತಕದ ಕೊನೆಯಲ್ಲಿ ಉಳಿದದ್ದಕ್ಕೆ ಅಖೈರು ಶಿಲ್ಕು ಅಂತ ಹೆಸರು. ಹೊಸ ಪುಸ್ತಕದ ಮೊದಲಲ್ಲಿ ಬರೆದದ್ದಕ್ಕೆ ಆರಂಭ ಶಿಲ್ಕು ಅಂತ ಹೆಸರು. ಎರಡೂ ಒಂದೇ ಹಣ. ಒಂದು ಪೈಸೆಯೂ ಹೆಚ್ಚು ಕಮ್ಮಿ ಆಗಬಾರದು.

ಕಂಪ್ಯೂಟರಿನಲ್ಲಿಯೂ ಕೆಲಸ ಇಷ್ಟೇ. ಮಾಡುವ ಕ್ರಮ ಮಾತ್ರ ಬೇರೆ.

ನಮ್ಮ ದೇಶದಲ್ಲಿ ಸಣ್ಣ ವ್ಯಾಪಾರಿಗಳು ಹೆಚ್ಚಾಗಿ ಬಳಸುವ ಲೆಕ್ಕದ ಸಾಫ್ಟ್‌ವೇರಿಗೆ ಟ್ಯಾಲಿ ಅಂತ ಹೆಸರು. ಕಂಪ್ಯೂಟರ್ ಕ್ಲಾಸಿಗೆ ಹೋಗುವ ನಿಮ್ಮ ಮಗಳೋ ಸೊಸೆಯೋ ಈ ಹೆಸರು ಹೇಳಿರಬಹುದು. ಇದು ಪರದೇಶದ್ದಲ್ಲ. ಬೆಂಗಳೂರಿನ ಕಂಪೆನಿಯದ್ದು. ಶ್ಯಾಮ್ ಸುಂದರ್ ಗೋಯೆಂಕಾ ಎಂಬ ವ್ಯಾಪಾರಿಗೆ ತನ್ನ ವ್ಯವಹಾರಕ್ಕೆ ಒಗ್ಗುವ ಲೆಕ್ಕದ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್ ಗೋಯೆಂಕಾರಿಗೆ "ನೀನೇ ಒಂದು ಮಾಡು" ಅಂದರು. 1986ರಲ್ಲಿ ತಂದೆ ಮಗ ಸೇರಿ ಕಂಪೆನಿ ಶುರು ಮಾಡಿದರು. ಭರತ್ ಗೋಯೆಂಕಾರಿಗೆ 2020ರಲ್ಲಿ ಪದ್ಮಶ್ರೀ ಬಂತು. 2009ರಲ್ಲಿ ಟ್ಯಾಲಿ ಇಆರ್‌ಪಿ 9 ಎಂಬ ಆವೃತ್ತಿ ಬಂತು. 2020ರ ಕೊನೆಗೆ ಟ್ಯಾಲಿ ಪ್ರೈಮ್ ಬಂತು. ಟ್ಯಾಲಿ ಅನ್ನುವುದು ಇಂಗ್ಲಿಷ್ ಶಬ್ದ. ಆದರೆ ನಾವು "ತಾಳೆ ನೋಡುವುದು" ಅಂತೇವಲ್ಲ, ಕೆಲಸ ಅದೇ. ಕೇಳಲೂ ಹೆಚ್ಚು ಕಮ್ಮಿ ಹಾಗೇ ಉಂಟು. ನೆನಪಿಡಲು ಸುಲಭ.

ಟ್ಯಾಲಿಯ ಒಂದು ವಿಶೇಷ ಹೇಳ್ತೇನೆ. ಮುಂದೆ ಅದು ಬೇಕಾಗ್ತದೆ. ಆ ಕಾಲದ ಬೇರೆ ಸಾಫ್ಟ್‌ವೇರುಗಳಲ್ಲಿ ಪ್ರತಿ ಖಾತೆಗೂ ಒಂದು ನಂಬ್ರ ಕೊಡಬೇಕಿತ್ತು. ಬೇಳೆ ಅಂಗಡಿಯವರಿಗೆ 104, ಹಾಲಿನವರಿಗೆ 105, ಹೀಗೆ. ಟ್ಯಾಲಿಯಲ್ಲಿ ನಂಬ್ರ ಬೇಡ, ಹೆಸರೇ ಸಾಕು. ಅಂಗಡಿಯ ಹೆಸರು ಬರೆದರೆ ಅದೇ ಖಾತೆ. ಜನರಿಗೆ ಇದು ಬಹಳ ಹಿಡಿಸಿತು. ಹೆಸರು ಯಾರಿಗೂ ನೆನಪಿರ್ತದೆ. ನಂಬ್ರ ಯಾರಿಗೆ ನೆನಪಿರ್ತದೆ?

ಟ್ಯಾಲಿಯಲ್ಲಿ ಒಂದು ಸಂಸ್ಥೆಯ ಪೂರಾ ಲೆಕ್ಕ ಇರುವ ಕಡತಕ್ಕೆ "ಕಂಪೆನಿ" ಅಂತಾರೆ. ನಿಮ್ಮ ಹಪ್ಪಳದ ಘಟಕವೂ ಟ್ಯಾಲಿಯ ಒಳಗೆ ಒಂದು ಕಂಪೆನಿಯೇ! ಒಂದೇ ಕಂಪ್ಯೂಟರಿನಲ್ಲಿ ಹತ್ತು ಕಂಪೆನಿ ಇರಬಹುದು. ಒಂದು ಕಪಾಟಿನಲ್ಲಿ ಹತ್ತು ಮನೆಯ ಲೆಕ್ಕದ ಪುಸ್ತಕ ಇಟ್ಟ ಹಾಗೆ.

ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಲೆಕ್ಕ ಸಾಗಿಸುವ ಸಂದರ್ಭ ಯಾವಾಗ ಬರ್ತದೆ? ಎರಡು ಘಟಕ ಸೇರಿ ಒಂದಾಗುವಾಗ. ಒಂದು ಘಟಕ ಎರಡಾಗುವಾಗ. ಬೇರೆಯವರ ಕಡತದ ಒಳಗೆ ಸೇರಿಕೊಂಡಿದ್ದ ನಮ್ಮ ಲೆಕ್ಕವನ್ನು ಬಿಡಿಸಿ ನಮ್ಮದೇ ಕಡತ ಮಾಡುವಾಗ. ಹೊಸ ವರ್ಷ ಬಂತು ಅಂತ ಸಾಗಿಸಬೇಕಾಗಿಲ್ಲ. ಮಾರ್ಚ್ 31 ಮುಗಿದು ಏಪ್ರಿಲ್ 1 ಬಂದರೆ ಟ್ಯಾಲಿಯಲ್ಲಿ ಅವಧಿ ಬದಲಾಯಿಸಿದರೆ ಆಯ್ತು. ಬಾಕಿ ತಾನಾಗಿ ಮುಂದಕ್ಕೆ ಬರ್ತದೆ. ಕೆಲವರು ವರ್ಷ ವರ್ಷವೂ ಹೊಸ ಕಂಪೆನಿ ಮಾಡ್ತಾರೆ. ನನ್ನ ಕೇಳಿದರೆ ಅದು ಬೇಡದ ಕೆಲಸ. ಸಾಗಿಸಿದಷ್ಟೂ ಸಲ ತಪ್ಪಾಗುವ ಅವಕಾಶ ಹೆಚ್ಚು.

ಈಗ ಒಂದು ಲೆಕ್ಕ ಮಾಡೋಣ. ಸ್ಲೇಟೋ ಪುಸ್ತಕವೋ ತೆಗೆಯಿರಿ. ಐದು ಮಂದಿ ಅಕ್ಕಂದಿರು ಸೇರಿ ಉಪ್ಪಿನಕಾಯಿ ಘಟಕ ನಡೆಸ್ತಾರೆ ಅಂತ ಇಟ್ಟುಕೊಳ್ಳಿ. ಇಷ್ಟು ದಿನ ಅವರ ಲೆಕ್ಕ ಬೇರೊಂದು ದೊಡ್ಡ ಕಡತದ ಒಳಗೆ ಇತ್ತು. ಏಪ್ರಿಲ್ 1ರಿಂದ ಅವರದ್ದೇ ಕಂಪೆನಿ. ಮಾರ್ಚ್ 31ರ ರಾತ್ರಿ ಅವರ ಹತ್ತಿರ ಏನೇನು ಉಂಟು?

ಪೆಟ್ಟಿಗೆಯಲ್ಲಿ ನಗದು 2,350 ರೂಪಾಯಿ.
ಬ್ಯಾಂಕಿನಲ್ಲಿ 18,400.
ಭರಣಿಯಲ್ಲಿರುವ ಉಪ್ಪಿನಕಾಯಿ ಮತ್ತು ಸಾಮಾನಿನ ಬೆಲೆ 9,250.
ಪೇಟೆಯ ಅಂಗಡಿಯವರು ಕೊಡಬೇಕಾದ್ದು 6,000.
ಅರೆಯುವ ಯಂತ್ರದ ಬೆಲೆ 24,000.

ಕೂಡಿಸಿ ನೋಡಿ. 60,000 ಆಯ್ತಲ್ಲ? ಇದು ಅವರಲ್ಲಿ ಇರುವುದು ಮತ್ತು ಅವರಿಗೆ ಬರಬೇಕಾದ್ದು.

ಇಷ್ಟೆಲ್ಲ ಎಲ್ಲಿಂದ ಬಂತು? ಅದೂ ಬರೆಯಬೇಕು.

ಬ್ಯಾಂಕಿಗೆ ಕೊಡಬೇಕಾದ ಸಾಲ 32,000.
ದಿನಸಿ ಅಂಗಡಿಗೆ ಕೊಡಬೇಕಾದ ಬಾಕಿ 3,000.
ಐವರೂ ತಲಾ 4,000ದಂತೆ ಹಾಕಿದ ಬಂಡವಾಳ 20,000.
ಕಳೆದ ವರ್ಷ ಉಳಿದ ಲಾಭ 5,000.

ಇದನ್ನೂ ಕೂಡಿಸಿ. ಇದೂ 60,000. ಎರಡು ಬದಿಯೂ ಸಮ. ಇದಕ್ಕೇ ತಾಳೆ ಅನ್ನುವುದು. ತಕ್ಕಡಿಯ ಎರಡು ತಟ್ಟೆ ಸಮ ನಿಂತ ಹಾಗೆ. ಈ ಪಟ್ಟಿಗೆ ತಾಳೆಪಟ್ಟಿ ಅಂತ ಹೆಸರು. ಟ್ಯಾಲಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ಅಂತಾರೆ. ಸಾಗಾಟ ಶುರು ಮಾಡುವ ಮೊದಲು ಈ ಪಟ್ಟಿಯನ್ನು ಕಾಗದದಲ್ಲಿ ಪ್ರಿಂಟ್ ತೆಗೆದು ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ. ಈ ಒಂದು ಹಾಳೆ ಕೈಯಲ್ಲಿದ್ದರೆ ಮುಂದಿನದ್ದೆಲ್ಲ ನೀವೇ ಪರೀಕ್ಷೆ ಮಾಡಬಹುದು. ಹಾಳೆ ಇಲ್ಲದಿದ್ದರೆ ಯಾರು ಏನು ಹೇಳಿದರೂ ತಲೆ ಆಡಿಸಬೇಕು.

ಇನ್ನೊಂದು ಕೆಲಸವೂ ಮೊದಲೇ ಆಗಬೇಕು. ಹಳೇ ಕಡತದ ಒಂದು ಪ್ರತಿ ತೆಗೆದು ಪೆನ್‌ಡ್ರೈವಿನಲ್ಲಿ ಇಡಬೇಕು. ಇದಕ್ಕೆ ಬ್ಯಾಕಪ್ ಅಂತಾರೆ. ನಮ್ಮ ಊರಿನ ಮಳೆಗಾಲ ನಿಮಗೆ ಗೊತ್ತುಂಟು. ಗುಡುಗು ಬಂದರೆ ಕರೆಂಟು ಹೋಗ್ತದೆ. ಸಾಗಾಟದ ಮಧ್ಯದಲ್ಲಿ ಹೋದರೆ ಅರ್ಧ ಲೆಕ್ಕ ಇಲ್ಲಿ, ಅರ್ಧ ಅಲ್ಲಿ. ಪ್ರತಿ ಇದ್ದರೆ ಮತ್ತೆ ಮೊದಲಿಂದ ಮಾಡಬಹುದು. ಆ ಪೆನ್‌ಡ್ರೈವನ್ನು ಕಂಪ್ಯೂಟರಿನ ಹತ್ತಿರವೇ ಇಡಬೇಡಿ. ಬೇರೆ ಮನೆಯಲ್ಲಿ ಇಡಿ.

ಈಗ ಸಾಗಾಟ. ಕಂಪ್ಯೂಟರಿನಲ್ಲಿ ಕೂತವರು ಹಳೇ ಕಂಪೆನಿ ತೆರೆದು "ಎಕ್ಸ್‌ಪೋರ್ಟ್" ಅಂತ ಒತ್ತುತ್ತಾರೆ. ಹೊರಗೆ ಕಳಿಸುವುದು ಅಂತ ಅರ್ಥ. ಆಗ ಎಕ್ಸ್‌ಎಂಎಲ್ ಎಂಬ ಬಗೆಯ ಒಂದು ಕಡತ ತಯಾರಾಗ್ತದೆ. ಆಮೇಲೆ ಹೊಸ ಕಂಪೆನಿ ತೆರೆದು "ಇಂಪೋರ್ಟ್" ಅಂತ ಒತ್ತುತ್ತಾರೆ. ಒಳಗೆ ತರುವುದು ಅಂತ ಅರ್ಥ. ಅಡಿಕೆ ಮೂಟೆ ಕಟ್ಟಿ ಲಾರಿಗೆ ಹಾಕಿ ಇನ್ನೊಂದು ಗೋದಾಮಿನಲ್ಲಿ ಇಳಿಸಿದ ಹಾಗೆ.

ಆದರೆ ಎರಡು ಬಗೆಯ ಮೂಟೆ ಉಂಟು. ಒಂದು, ಖಾತೆಗಳ ಹೆಸರು. ಟ್ಯಾಲಿಯಲ್ಲಿ ಇದಕ್ಕೆ "ಮಾಸ್ಟರ್ಸ್" ಅಂತಾರೆ. ಇನ್ನೊಂದು, ದಿನ ದಿನದ ವ್ಯವಹಾರ. ಇಂತಹ ದಿನ ಇಷ್ಟು ಬಂತು, ಇಷ್ಟು ಹೋಯ್ತು. ಇದಕ್ಕೆ "ವೋಚರ್" ಅಂತಾರೆ. ಮೊದಲು ಮಾಸ್ಟರ್ಸ್ ಇಳಿಸಬೇಕು. ವೋಚರ್ ಆಮೇಲೆ. ಹೊಸ ಮನೆಗೆ ಹೋಗುವಾಗ ಮೊದಲು ಕಪಾಟು ಒಳಗೆ ಇಡ್ತೇವೆ. ಆಮೇಲೆ ಪಾತ್ರೆ ಜೋಡಿಸ್ತೇವೆ. ಕಪಾಟೇ ಇಲ್ಲದಿದ್ದರೆ ಪಾತ್ರೆ ಎಲ್ಲಿ ಇಡುವುದು? ಖಾತೆಯ ಹೆಸರೇ ಇಲ್ಲದ ಕಡೆ ವೋಚರ್ ಇಳಿಸಲು ಹೋದರೆ ಟ್ಯಾಲಿ "ಆಗುವುದಿಲ್ಲ" ಅನ್ನುತ್ತದೆ.

ಇಲ್ಲಿ ಒಂದು ವಿಷಯ ತೀರ್ಮಾನ ಮಾಡಬೇಕು. ಬಾಕಿ ಮಾತ್ರ ಒಯ್ಯುವುದೋ? ಹಳೇ ವ್ಯವಹಾರಗಳನ್ನೂ ಒಯ್ಯುವುದೋ? ಬಾಕಿ ಮಾತ್ರ ಸಾಕು ಅಂತಾದರೆ, ಹಳೇ ಕಂಪೆನಿಯ ಅಖೈರು ಶಿಲ್ಕನ್ನು ಹೊಸ ಕಂಪೆನಿಯ ಆರಂಭ ಶಿಲ್ಕಾಗಿ ಕಳಿಸುವ ಅನುಕೂಲ ಟ್ಯಾಲಿಯಲ್ಲೇ ಉಂಟು. ಹೆಸರಿನ ಜೊತೆಗೇ ಬಾಕಿಯೂ ಬಂದು ಕೂರ್ತದೆ. ಹಾಗೆ ಬಾಕಿ ತಂದ ಮೇಲೆ ಹಳೇ ವರ್ಷದ ವೋಚರುಗಳನ್ನು ತರಲೇಬಾರದು. ಯಾಕೆ? ಆ ಬಾಕಿ ಆದದ್ದೇ ಆ ವೋಚರುಗಳಿಂದ. ನೀರು ತುಂಬಿದ ಕೊಡವನ್ನು ಒಳಗೆ ಇಟ್ಟು, ಮತ್ತೆ ಅದೇ ನೀರು ಅಂತ ಬಾವಿಯಿಂದ ಸೇದಿ ಸುರಿದರೆ ಎಂತ ಆಗ್ತದೆ? ಕೊಡ ಉಕ್ಕಿ ಹರಿಯುತ್ತದೆ. ಲೆಕ್ಕವೂ ಹಾಗೇ. ಒಂದೋ ಕೊಡ, ಇಲ್ಲ ಬಾವಿ. ಎರಡೂ ಅಲ್ಲ.

ಮಾರಾಟ, ಕೂಲಿ, ಗ್ಯಾಸಿನ ಖರ್ಚು, ಇವು ಮಾತ್ರ ಹೊಸ ವರ್ಷದಲ್ಲಿ ಸೊನ್ನೆಯಿಂದ ಶುರು. ಅವೆಲ್ಲ ಸೇರಿ ಉಳಿದದ್ದು ಲಾಭ ಅಥವಾ ನಷ್ಟ. ಆ ಒಂದು ಸಂಖ್ಯೆ ಮಾತ್ರ ಮುಂದೆ ಹೋಗ್ತದೆ. ನಮ್ಮ ಲೆಕ್ಕದಲ್ಲಿ ಅದು 5,000.

ಈಗ ಎಲ್ಲೆಲ್ಲಿ ಹಣ ಕಾಣೆಯಾಗ್ತದೆ ಅಂತ ನೋಡೋಣ. ನಿಜವಾದ ನೋಟು ಕಾಣೆಯಾಗುವುದಲ್ಲ. ಲೆಕ್ಕದಲ್ಲಿ ಕಾಣೆಯಾಗುವುದು. ಆದರೆ ಲೆಕ್ಕದಲ್ಲಿ ಇಲ್ಲದ ಹಣವನ್ನು ಯಾರು ಕೊಡ್ತಾರೆ?

ಆ ಐದು ಸಾವಿರ ಲಾಭವನ್ನೇ ತೆಗೆದುಕೊಳ್ಳಿ. ಸಾಗಿಸುವವರು ಸಾಲ ತಂದರು, ಬಂಡವಾಳ ತಂದರು. ಲಾಭದ ಸಾಲನ್ನು ಬಿಟ್ಟರು. ಈಗ ಒಂದು ತಟ್ಟೆಯಲ್ಲಿ 60,000, ಇನ್ನೊಂದರಲ್ಲಿ 55,000. ಟ್ಯಾಲಿ ಸುಮ್ಮನಿರುವುದಿಲ್ಲ. "ಡಿಫರೆನ್ಸ್ ಇನ್ ಓಪನಿಂಗ್ ಬ್ಯಾಲೆನ್ಸಸ್" ಅಂತ ಒಂದು ಸಾಲು ತೋರಿಸುತ್ತದೆ. ಆರಂಭ ಶಿಲ್ಕಿನಲ್ಲಿ ವ್ಯತ್ಯಾಸ ಉಂಟು ಅಂತ ಅದರ ಅರ್ಥ. ಒಳ್ಳೆಯ ಕಾವಲುಗಾರ! ಆದರೆ ಕೆಲವರು ಅವಸರದಲ್ಲಿ ಆ 5,000ವನ್ನು "ಸಸ್ಪೆನ್ಸ್" ಎಂಬ ಖಾತೆಗೆ ತಳ್ಳಿ ತಕ್ಕಡಿ ಸಮ ಮಾಡಿಬಿಡ್ತಾರೆ. ಸಸ್ಪೆನ್ಸ್ ಅಂದರೆ ಆಮೇಲೆ ನೋಡೋಣ ಅಂತ ಇಡುವ ಜಾಗ. ಆಮೇಲೆ ಯಾರೂ ನೋಡುವುದಿಲ್ಲ. ಅಟ್ಟದ ಮೇಲೆ ಹಾಕಿದ ಹಳೇ ಸಾಮಾನಿನ ಹಾಗೆ. ಆ 5,000 ಯಾರದ್ದು? ಐವರು ಅಕ್ಕಂದಿರದ್ದು. ತಲಾ ಒಂದು ಸಾವಿರ. ಮಾವಿನಕಾಯಿ ಕೊಚ್ಚಿ, ಮೆಣಸು ಅರೆದು ಸಂಪಾದಿಸಿದ್ದು. ಹೊಸ ಕಂಪೆನಿಯ ಪಟ್ಟಿಯಲ್ಲಿ ಸಸ್ಪೆನ್ಸ್ ಎಂಬ ಶಬ್ದ ಕಂಡರೆ ಬಿಡಬೇಡಿ. "ಇದು ಯಾವ ಹಣ?" ಅಂತ ಕೇಳಿ. ಉತ್ತರ ಸಿಗುವವರೆಗೆ ಸಹಿ ಬೇಡ.

ಎರಡನೆಯದು ಇದಕ್ಕಿಂತ ಕಷ್ಟದ್ದು. ಇಲ್ಲಿ ಕಾವಲುಗಾರ ಕೂಗುವುದೇ ಇಲ್ಲ. ಮಾಸ್ಟರ್ಸ್ ಇಳಿಸುವಾಗ, ಅದೇ ಹೆಸರಿನ ಖಾತೆ ಹೊಸ ಕಂಪೆನಿಯಲ್ಲಿ ಮೊದಲೇ ಇದ್ದರೆ ಏನು ಮಾಡಲಿ ಅಂತ ಟ್ಯಾಲಿ ಕೇಳುತ್ತದೆ. ಮೂರು ಉತ್ತರ ಕೊಡಬಹುದು. "ಕಂಬೈನ್" ಅಂದರೆ ಇದ್ದದ್ದಕ್ಕೆ ಬಂದದ್ದನ್ನು ಕೂಡಿಸು. "ಇಗ್ನೋರ್" ಅಂದರೆ ಇದ್ದದ್ದೇ ಇರಲಿ, ಬಂದದ್ದು ಬೇಡ. "ಮಾಡಿಫೈ" ಅಂದರೆ ಇದ್ದದ್ದನ್ನು ತೆಗೆದು ಬಂದದ್ದನ್ನು ಇಡು. ಎರಡು ಘಟಕ ಸೇರಿ ಒಂದಾಗುವಾಗ ಕಂಬೈನ್ ಸರಿ. ಒಬ್ಬರ ಕೈಯ ನಗದು, ಇನ್ನೊಬ್ಬರ ಕೈಯ ನಗದು ಎರಡೂ ಕೂಡಬೇಕು. ಆದರೆ ಒಮ್ಮೆ ಇಳಿಸಿದ್ದು ಮರೆತು, ಅದೇ ಕಡತವನ್ನು ಎರಡನೇ ಸಲ ಕಂಬೈನ್ ಅಂತ ಇಳಿಸಿದರೆ?

ಲೆಕ್ಕ ಮಾಡಿ. ನಗದು 4,700 ಆಗ್ತದೆ. ಬ್ಯಾಂಕಿನಲ್ಲಿ 36,800. ಅರೆಯುವ ಯಂತ್ರ 48,000. ಒಟ್ಟು 1,20,000. ಅಬ್ಬ, ಶ್ರೀಮಂತರಾದೆವು! ಇನ್ನೊಂದು ಬದಿ ನೋಡಿ. ಸಾಲ 64,000. ದಿನಸಿ ಬಾಕಿ 6,000. ಬಂಡವಾಳ 40,000. ಲಾಭ 10,000. ಅದೂ 1,20,000. ಎರಡು ತಟ್ಟೆಯೂ ಸಮ. ವ್ಯತ್ಯಾಸ ಸೊನ್ನೆ. ಟ್ಯಾಲಿಗೆ ಎಲ್ಲ ಸರಿ ಕಾಣ್ತದೆ. ಆದರೆ ಬ್ಯಾಂಕಿನಲ್ಲಿ ಇಲ್ಲದ ಹಣ ಪುಸ್ತಕದಲ್ಲಿ ಉಂಟು. ತೆಗೆಯದ ಸಾಲ ತಲೆ ಮೇಲೆ ಉಂಟು.

ಇದನ್ನು ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ. ತಾಳೆ ಆಯ್ತು ಅಂದ ಮಾತ್ರಕ್ಕೆ ಲೆಕ್ಕ ಸತ್ಯ ಅಂತ ಅಲ್ಲ. ತಕ್ಕಡಿಯ ಎರಡು ತಟ್ಟೆಗೂ ಒಂದೊಂದು ಕಲ್ಲು ಹಾಕಿದರೂ ಅದು ಸಮವಾಗಿಯೇ ನಿಲ್ತದೆ. ಹಾಗಾದರೆ ಸತ್ಯ ಎಲ್ಲಿ ಉಂಟು? ಕಂಪ್ಯೂಟರಿನ ಹೊರಗೆ ಉಂಟು. ಪೆಟ್ಟಿಗೆ ತೆರೆದು ನೋಟು ಎಣಿಸಿ. 2,350 ಉಂಟಾ? ಪಾಸ್‌ಬುಕ್ ತೆಗೆದುಕೊಂಡು ಹೋಗಿ ಬ್ಯಾಂಕಿನಲ್ಲಿ ಎಂಟ್ರಿ ಹಾಕಿಸಿ. ಮಾರ್ಚ್ 31ಕ್ಕೆ 18,400 ಉಂಟಾ? ಸಾಲದ ಲೆಕ್ಕವನ್ನೂ ಕೇಳಿ. 32,000ವೇನಾ? ಅಂಗಡಿಯವರ ಹತ್ತಿರ ಹೋಗಿ "ನಿಮ್ಮ ಪುಸ್ತಕದಲ್ಲಿ ನಮಗೆ ಕೊಡಲು ಎಷ್ಟು ಉಂಟು?" ಅಂತ ಕೇಳಿ. ಯಂತ್ರ ಒಂದೇ ಉಂಟಾ ಎರಡಾ ಅಂತ ಕಣ್ಣಿಗೇ ಕಾಣ್ತದೆ. ಈ ಪರೀಕ್ಷೆಯನ್ನು ಟ್ಯಾಲಿ ಮಾಡುವುದಿಲ್ಲ. ಕಂಪ್ಯೂಟರ್ ಕಲಿತ ಹುಡುಗಿಯೂ ಮಾಡಲು ಆಗುವುದಿಲ್ಲ. ಪಾಸ್‌ಬುಕ್ಕೂ ಪೆಟ್ಟಿಗೆಯೂ ನಿಮ್ಮ ಕೈಯಲ್ಲಿ ಇರುವುದು. ನೀವೇ ಮಾಡಬೇಕು.

ಮೂರನೆಯದು ಹೆಸರಿನ ತೊಂದರೆ. ಟ್ಯಾಲಿಗೆ ನಂಬ್ರ ಬೇಡ, ಹೆಸರೇ ಸಾಕು ಅಂತ ಆಗ ಹೇಳಿದೆನಲ್ಲ. ಇಲ್ಲಿ ಅದು ತಿರುಗಿ ಬರ್ತದೆ. ನಮ್ಮ ಊರಿನಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಉರ್ದು, ಮರಾಠಿ ಎಲ್ಲ ಉಂಟು. ಒಂದೇ ಹೆಸರನ್ನು ನಾಲ್ಕು ಬಗೆಯಲ್ಲಿ ಬರೀತೇವೆ. ನಾವು ಮಂಜೇಶ್ವರ ಅಂತೇವೆ. ಮಲಯಾಳದಲ್ಲಿ ಮಂಜೇಶ್ವರಂ. ಇಂಗ್ಲಿಷಿನ ಬೋರ್ಡುಗಳಲ್ಲಿ ಇನ್ನೂ ಎರಡು ಮೂರು ಬಗೆ. ಹೊಸಂಗಡಿಯ ಕೊನೇ ಅಕ್ಷರವನ್ನು ಇಂಗ್ಲಿಷಿನಲ್ಲಿ ಕೆಲವರು ಐ ಹಾಕಿ ಬರೀತಾರೆ, ಕೆಲವರು ವೈ ಹಾಕಿ. ನಮಗೆ ಎಲ್ಲವೂ ಒಂದೇ ಊರು. ಕಂಪ್ಯೂಟರಿಗೆ ಹಾಗಲ್ಲ. ಒಂದು ಅಕ್ಷರ ಬದಲಾದರೆ ಬೇರೆ ಖಾತೆ.

ಪೇಟೆಯ ಅಂಗಡಿಯವರು ನಮಗೆ 6,000 ಕೊಡಬೇಕು. ಹಳೇ ಕಂಪೆನಿಯಿಂದ ಆ ಬಾಕಿ ಒಂದು ಹೆಸರಿನಲ್ಲಿ ಬಂತು. ಹೊಸ ಕಂಪೆನಿಯಲ್ಲಿ ಯಾರೋ ಅವರಿಗೆ ಇನ್ನೊಂದು ಬಗೆಯ ಸ್ಪೆಲ್ಲಿಂಗಿನಲ್ಲಿ ಖಾತೆ ಮಾಡಿದರು. ಅಂಗಡಿಯವರು ಬಂದು 2,000 ಕೊಟ್ಟರು. ಅದು ಹೊಸ ಸ್ಪೆಲ್ಲಿಂಗಿಗೆ ಜಮೆ ಆಯ್ತು. ಹಳೇ ಸ್ಪೆಲ್ಲಿಂಗಿನಲ್ಲಿ ಇನ್ನೂ 6,000 ಬಾಕಿ! ತಿಂಗಳ ಕೊನೆಗೆ ನೀವು ಹೋಗಿ ಆರು ಸಾವಿರ ಕೇಳಿದರೆ ಅವರು ಏನು ಅಂದುಕೊಳ್ತಾರೆ? "ಕೊಟ್ಟ ಹಣ ನುಂಗಿದರು" ಅಂತಾರೆ. ಇಲ್ಲಿಯೂ ತಾಳೆಪಟ್ಟಿ ಸರಿಯಾಗಿಯೇ ಇರ್ತದೆ. ಮುರಿಯುವುದು ಸ್ನೇಹ, ನಂಬಿಕೆ. ಆದ್ದರಿಂದ ಸಾಗಾಟಕ್ಕೆ ಮೊದಲು ಎಲ್ಲ ಖಾತೆಗಳ ಹೆಸರಿನ ಪಟ್ಟಿ ತೆಗೆಸಿ. ಗಟ್ಟಿಯಾಗಿ ಓದಿಸಿ. ಕೇಳುವಾಗ ಒಂದೇ ಹೆಸರು ಎರಡು ಸಲ ಬಂದರೆ ನಿಲ್ಲಿಸಿ ಕೇಳಿ. ಇಂಗ್ಲಿಷ್ ಓದಲು ಬರಬೇಕಂತಿಲ್ಲ. ಕಿವಿ ಸಾಕು. ಅಂಗಡಿಯವರನ್ನು ಪರಿಚಯ ಇರುವುದು ನಿಮಗೆ, ಕಂಪ್ಯೂಟರಿಗಲ್ಲ.

ಇದೆಲ್ಲ ಸಣ್ಣ ಘಟಕದ ಮಾತಾಯ್ತು. ದೊಡ್ಡವರೂ ಇದೇ ಕೆಲಸ ಮಾಡಬೇಕಾಗ್ತದೆ. ನಮ್ಮ ಕರಾವಳಿಯಲ್ಲಿಯೇ ಅಂತಹ ದೊಡ್ಡ ಸಾಗಾಟ ಆಗಿದೆ. ನಿಮ್ಮಲ್ಲಿ ಕೆಲವರು ಅದರ ಬಿಸಿ ಅನುಭವಿಸಿದ್ದೀರಿ.

ಸಿಂಡಿಕೇಟ್ ಬ್ಯಾಂಕ್ ನೆನಪುಂಟಲ್ಲ? 1925ರಲ್ಲಿ ಉಡುಪಿಯಲ್ಲಿ ಶುರುವಾದದ್ದು. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ ಸೇರಿ ಕಟ್ಟಿದ್ದು. 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದರು. ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುವುದು. ನಮ್ಮ ಅಯಲ್ಕೂಟದ ವಾರದ ಉಳಿತಾಯ ಉಂಟಲ್ಲ, ಅದಕ್ಕೆ ಒಂದು ಅಜ್ಜಿ ಇದ್ದ ಹಾಗೆ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿತು. ಕೆನರಾ ಬ್ಯಾಂಕು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಕಟ್ಟಿದ್ದು. ಅದೇ ದಿನ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಸೇರಿತು. ಅದಕ್ಕೂ ಒಂದು ವರ್ಷ ಮೊದಲು, 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತ್ತು. ಕೇರಳದ ಕಡೆಯಲ್ಲಿ ನಾರ್ತ್ ಮಲಬಾರ್ ಮತ್ತು ಸೌತ್ ಮಲಬಾರ್ ಗ್ರಾಮೀಣ ಬ್ಯಾಂಕುಗಳು 2013ರ ಜುಲೈ 8ರಂದು ಸೇರಿ ಕೇರಳ ಗ್ರಾಮೀಣ ಬ್ಯಾಂಕಾಯಿತು. ನಮ್ಮ ಜಿಲ್ಲಾ ಸಹಕಾರಿ ಬ್ಯಾಂಕು 2019ರ ನವೆಂಬರಿನಲ್ಲಿ ಕೇರಳ ಬ್ಯಾಂಕಿನೊಳಗೆ ಹೋಯಿತು.

ತಾರೀಕು ನೋಡಿದಿರಾ? ಎರಡು ಸಲ ಏಪ್ರಿಲ್ 1. ಹಳೇ ವರ್ಷದ ಲೆಕ್ಕ ಮುಗಿಸಿ ಹೊಸ ವರ್ಷದ ಲೆಕ್ಕ ತೆರೆಯುವ ದಿನ. ಆದರೆ ಬೋರ್ಡು ಬದಲಾದ ದಿನವೇ ಕಂಪ್ಯೂಟರಿನ ಲೆಕ್ಕ ಒಂದಾಗುವುದಿಲ್ಲ. ಅದಕ್ಕೆ ಮತ್ತೆ ತಿಂಗಳುಗಟ್ಟಳೆ ಬೇಕಾಯ್ತು. ಲಕ್ಷಗಟ್ಟಲೆ ಖಾತೆ. ಪ್ರತಿ ಖಾತೆಯ ಹೆಸರು, ಬಾಕಿ, ಸಾಲ, ಠೇವಣಿ, ಎಲ್ಲವನ್ನೂ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಇಳಿಸಬೇಕು.

ಗ್ರಾಹಕರಿಗೆ ಎಲ್ಲಿ ತಾಗಿತು? ಐಎಫ್‌ಎಸ್‌ಸಿ ಎಂಬ ಕೋಡಿನಲ್ಲಿ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಹನ್ನೊಂದು ಅಕ್ಷರ, ಅಂಕೆಗಳ ಒಂದು ಸಾಲು ಇರ್ತದೆ, ನೋಡಿ. ಹೊರಗಿನಿಂದ ಕಳಿಸಿದ ಹಣ ಸರಿಯಾದ ಬ್ಯಾಂಕಿಗೆ, ಸರಿಯಾದ ಶಾಖೆಗೆ ಬರುವುದು ಅದರಿಂದ. ಟಪಾಲಿಗೆ ಪಿನ್‌ಕೋಡ್ ಇದ್ದ ಹಾಗೆ. ವಿಜಯಾ ಬ್ಯಾಂಕಿನ ಹಳೇ ಕೋಡು 2021ರ ಮಾರ್ಚ್ 1ರಿಂದ ನಿಂತಿತು. ಸಿಂಡಿಕೇಟಿನ ಹಳೇ ಕೋಡು 2021ರ ಜೂನ್ 30ರವರೆಗೆ ಮಾತ್ರ ನಡೆಯಿತು. ಅದರ ಮೇಲೆ ಹಳೇ ಕೋಡು ಹಾಕಿದ ಅರ್ಜಿಯಿಂದ ಹಣ ಬರುವಂತಿರಲಿಲ್ಲ. ಗಲ್ಫಿನಲ್ಲಿರುವ ಮಗ ಹಣ ಕಳಿಸ್ತಾನೆ, ಕಚೇರಿಯಿಂದ ಸಹಾಯಧನ ಬರಬೇಕು, ಎಲ್ಲೆಲ್ಲಿ ಹಳೇ ಕೋಡು ಕೊಟ್ಟಿದ್ದೆವೋ ಅಲ್ಲೆಲ್ಲ ಹೊಸತು ಕೊಡಬೇಕಿತ್ತು. ಬ್ಯಾಂಕಿನವರು ಬ್ಯಾಂಕಿನ ಕಡತ ಬದಲಾಯಿಸಿದರು. ನಾವು ಊರಿನ ಬೇರೆ ಬೇರೆ ಕಚೇರಿಗೆ ಕೊಟ್ಟ ಕಾಗದಗಳನ್ನು ಅವರು ಬದಲಾಯಿಸಲು ಆಗ್ತದಾ? ಅದು ನಮ್ಮ ಪಾಲಿನ ಕೆಲಸ. ಅಯಲ್ಕೂಟದ ಖಾತೆ ಇಂತಹ ಬ್ಯಾಂಕಿನಲ್ಲಿ ಇದ್ದರೆ ಈಗಲೂ ಒಮ್ಮೆ ನೋಡಿ. ಹಳೇ ಪಾಸ್‌ಬುಕ್ಕೇ ಇಟ್ಟುಕೊಂಡವರು ಇನ್ನೂ ಇದ್ದಾರೆ.

ಕಡತ ಬದಲಾಗುವುದು ನಮ್ಮ ಊರಿಗೆ ಹೊಸತೂ ಅಲ್ಲ. ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಜಾಗದ ಪತ್ರ ಇದ್ದರೆ ತೆಗೆದು ಓದಿ. ನಿಮಗೀಗ ಓದಲು ಬರ್ತದಲ್ಲ. ಅದರಲ್ಲಿ ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು ಅಂತ ಇರಬಹುದು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಆಮೇಲೆ ಕಣ್ಣೂರು ಜಿಲ್ಲೆ. 1984ರ ಮೇ 24ರಂದು ಕಾಸರಗೋಡು ಜಿಲ್ಲೆ. 2014ರಲ್ಲಿ ಮಂಜೇಶ್ವರ ತಾಲೂಕು. ಹಿತ್ತಿಲು ಅಲ್ಲೇ ಉಂಟು, ಬಾವಿ ಅಲ್ಲೇ ಉಂಟು. ಪುಸ್ತಕದ ಮೇಲಿನ ಹೆಸರು ಮಾತ್ರ ಎಷ್ಟು ಸಲ ಬದಲಾಯ್ತು! ಹಳೇ ಪತ್ರ ಜೋಪಾನವಾಗಿ ಇಟ್ಟವರಿಗೆ ಅದು ಕಷ್ಟಕಾಲದಲ್ಲಿ ಒದಗ್ತದೆ. ಟ್ಯಾಲಿಯ ಹಳೇ ಕಂಪೆನಿಯನ್ನೂ ಹಾಗೇ ಇಡಬೇಕು. ಹೊಸತು ಬಂತು ಅಂತ ಹಳೇದನ್ನು ಅಳಿಸಬಾರದು. ಜಿಎಸ್‌ಟಿ ನೋಂದಣಿ ಇರುವ ಘಟಕಗಳು ಲೆಕ್ಕವನ್ನು ವರ್ಷಗಟ್ಟಲೆ ಇಡಬೇಕು ಅಂತ ಕಾನೂನೇ ಉಂಟು. ಆ ವರ್ಷದ ವಾರ್ಷಿಕ ರಿಟರ್ನ್ ಕೊಡಲು ಇಟ್ಟ ಕೊನೇ ದಿನದಿಂದ 72 ತಿಂಗಳು. ನೋಂದಣಿ ಇಲ್ಲದಿದ್ದರೂ ಇಡಿ. ಪೆನ್‌ಡ್ರೈವಿಗೆ ಎಷ್ಟು ಜಾಗ ಬೇಕು, ಕೋಳಿಮೊಟ್ಟೆಯಷ್ಟೂ ಇಲ್ಲ.

ಕುಟುಂಬಶ್ರೀಯಲ್ಲಿ ಲೆಕ್ಕ ಪರಿಶೋಧನೆ ಮಾಡುವ ಹೆಂಗಸರ ತಂಡ ಉಂಟು. "ಕಾಸ್" ಅಂತ ಅದರ ಹೆಸರು. ಹೆಸರು ಚೆನ್ನಾಗಿದೆ! ಸಾಗಾಟದಲ್ಲಿ ಸಂಶಯ ಬಂದರೆ ಪಂಚಾಯತಿನ ಸಿಡಿಎಸ್ ಕಚೇರಿಗೆ ಹೋಗಿ ಆ ತಂಡದವರನ್ನು ಕೇಳಿ. ಕೇಳಲು ನಾಚಿಕೆ ಬೇಡ. ದೊಡ್ಡ ಬ್ಯಾಂಕಿನವರೂ ಪರಿಶೋಧಕರನ್ನು ಕೂರಿಸಿಯೇ ಲೆಕ್ಕ ಮುಗಿಸುವುದು.

ಮುಂದಿನ ಭಾನುವಾರದ ತರಗತಿಗೆ ಬರುವಾಗ ಮೂರು ವಸ್ತು ತನ್ನಿ. ನಿಮ್ಮ ಕೂಟದ ಪಾಸ್‌ಬುಕ್, ಕೂಟದ ಉಳಿತಾಯದ ಪುಸ್ತಕ, ಒಂದು ಪೆನ್ಸಿಲ್. ಪಾಸ್‌ಬುಕ್ಕಿಗೆ ಮೊದಲೇ ಬ್ಯಾಂಕಿನಲ್ಲಿ ಎಂಟ್ರಿ ಹಾಕಿಸಿ ತನ್ನಿ. ಮಾರ್ಚ್ 31ರ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಎರಡು ಪುಸ್ತಕವನ್ನೂ ಪಕ್ಕ ಪಕ್ಕ ಇಟ್ಟು ಓದೋಣ. ಉಪ್ಪಿನಕಾಯಿ ಘಟಕದ ಲೆಕ್ಕವನ್ನು ಇಲ್ಲಿ ಬರೆದುಕೊಳ್ಳಲು ಆಗದವರು ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳಿ. ಅದರಲ್ಲಿ ದಿನಸಿ ಅಂಗಡಿಯ ಬಾಕಿ 3,000ವನ್ನು ಹೊಸ ಕಂಪೆನಿಗೆ ತರಲು ಬಿಟ್ಟುಹೋದರೆ ಎರಡು ಬದಿ ಎಷ್ಟೆಷ್ಟು ಆಗ್ತದೆ, ವ್ಯತ್ಯಾಸ ಎಷ್ಟು ಕಾಣ್ತದೆ, ಮನೆಯಲ್ಲಿ ಮಾಡಿಕೊಂಡು ಬನ್ನಿ.